ತಪ್ಪಾಗಿ ಕಟ್ಟಿದ ಹಾಯಿ

ಹಾಯಿಯ ಪಟ್ಟಿಗಳನ್ನು ಉಲ್ಟಾ ತೂರಿಸಬೇಕು ಎಂದು ಅವನು ಬೆಳಿಗ್ಗೆ ಹಲ್ಲುಜ್ಜುವಾಗಲೇ ನಿರ್ಧರಿಸಿದ್ದ. ಮೊದಲು ಪಟ್ಟಿಗಳು. ಅದಕ್ಕೂ ಹೆಂಡತಿ ಜಗ್ಗದಿದ್ದರೆ ಹಾಯಿಯನ್ನು ಕಂಬದ ತುದಿ ಮುಟ್ಟಿಸದೆ ಒಂದು ಗೇಣು ಕೆಳಗೇ ನಿಲ್ಲಿಸುವುದು. ಅದಕ್ಕೂ ಇಲ್ಲವೆಂದರೆ ತಳದ ಹಗ್ಗವನ್ನು ಸಿಕ್ಕಾಪಟ್ಟೆ ಬಿಗಿದು ಹಾಯಿಗೆ ಹೊಟ್ಟೆಯೇ ಇಲ್ಲದಂತೆ ಮಾಡುವುದು. ಮೂವತ್ತೊಂದು ವರ್ಷ ಸಣ್ಣ ದೋಣಿಗಳಿಗೆ ಹಾಯಿ ಕಟ್ಟಿ ಪಳಗಿದ ಕೈಗೆ ಸರಿಯಾಗಿ ಕಟ್ಟಲು ಯೋಚನೆ ಬೇಕಿರಲಿಲ್ಲ. ತಪ್ಪಾಗಿ ಕಟ್ಟುವುದಕ್ಕೆ ಮಾತ್ರ ಹೀಗೆ ಕನ್ನಡಿಯ ಮುಂದೆ ನಿಂತು ಯೋಜನೆ ಹಾಕಬೇಕಾಗಿ ಬಂತು. ನೊರೆ ತುಂಬಿದ ತನ್ನ ಬಾಯಿಯನ್ನು ನೋಡಿಕೊಂಡಾಗ ಅವನಿಗೆ ನಾಚಿಕೆಯಾಯಿತು. ಪಕ್ಕದ ಕೋಣೆಯಲ್ಲಿ ನಾದಿನಿ ಅವಳಿಗೆ ಬಟ್ಟೆ ತೊಡಿಸುತ್ತಿದ್ದಳು. "ಈ ತೋಳು ಮೊದ್ಲು ಅಕ್ಕ. ಹಾಂ, ಈಗ ಆ ತೋಳು. ನೋಡ್ದ್ಯಾ ಎಷ್ಟು ಸಲೀಸು? ನಿನ್ಗೆ ನೀಲಿ ಬೇಡ, ಬಿಳೀದು ಬೇಕು, ಗೊತ್ತು ಬಿಡು ನಂಗೆ." ಯಾವ ಬಣ್ಣ ಬೇಕೆಂದು ಅವಳು ಹೇಳಿರಲಿಲ್ಲ. ಅವಳು ಏನನ್ನಾದರೂ ಹೇಳಿ ಐದು ತಿಂಗಳಾಗಿತ್ತು. ಅಕ್ಕನ ಮಾತು ನಿಂತ ದಿನದಿಂದ ತಂಗಿ ಬಂದು ಈ ಮನೆಯಲ್ಲೇ ಉಳಿದಿದ್ದಳು, ಇಬ್ಬರ ಪಾಲಿನ ಮಾತನ್ನೂ ತಾನೊಬ್ಬಳೇ ಆಡುತ್ತಿದ್ದಳು. ಮದುವೆಗೆ ಮೊದಲಿನಿಂದಲೂ ತಂಗಿಗೆ ಮಾತಿನಮಲ್ಲಿ ಎಂದೇ ಹೆಸರು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಕಟ್ಟಿದ ಪುಣ್ಯಾತ್ಮನ ಮನೆಯಲ್ಲಿ ಯಾರಿಗೂ ಪಾರ್ಶ್ವವಾಯು ಬಡಿದಿರಲಿಕ್ಕಿಲ್ಲ ಎಂದುಕೊಂಡು ಅವನು ಬಾಯಿ ಮುಕ್ಕಳಿಸಿದ.

ಉಲ್ಟಾ ಹಾಕುವ ಉಪಾಯ ಪೂರ್ತಿ ಅವನದಲ್ಲ. ವಾರಕ್ಕೆ ಎರಡು ಸಲ ಬರುತ್ತಿದ್ದ, ಮಾತು ಕಲಿಸುವಾಕೆ ಹೇಳಿದ್ದಳು: "ಅವ್ರಿಗೆ ಎಲ್ಲಾ ಅರ್ಥ ಆಗುತ್ತೆ ಸರ್. ಹೊರಗೆ ಬರೋಕೆ ದಾರಿ ಮುಚ್ಚಿದೆ ಅಷ್ಟೆ. ಆದ್ರೆ ಯೋಚ್ನೆ ಮಾಡಿ ಆಡೋ ಮಾತಿಗೆ ಒಂದು ದಾರಿ, ತಾನಾಗೇ ಬಾಯಿಗೆ ಬರೋ ಮಾತಿಗೆ ಇನ್ನೊಂದು ದಾರಿ. ಬೈಗಳು, ಎಣಿಕೆ, ದಿನಾ ನೂರು ಸಲ ಅಂದಿರೋ ಮಾತು, ಅದೆಲ್ಲ ಒಂದೊಂದ್ಸಲ ಹಿತ್ತಿಲ ಬಾಗಿಲಿಂದ ಬಂದ್ಬಿಡುತ್ತೆ. ಅವ್ರ ಕೆಲಸದ ಮುಂದೆ ಒಂದ್ಸಲ ಕೂರ್ಸಿ ನೋಡಿ." ದಿನಾ ನೂರು ಸಲ ಅಂದ ಮಾತು ಯಾವುದೆಂದು ಅವನು ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. "ಅದಲ್ಲ." ಸರೋವರದ ಕ್ಲಬ್ಬಿನಲ್ಲಿ ಅವಳು ಹಾಯಿದೋಣಿ ಕಲಿಸುವ ಟೀಚರು, ಅವನು ಅಲ್ಲಿಯೇ ಹಗ್ಗ, ಹಾಯಿ, ರಾಟೆ ನೋಡಿಕೊಳ್ಳುವವನು, ಅವನು ಕಟ್ಟಿದ್ದನ್ನು ಅವಳು ಒಂದು ದಿನವಾದರೂ ಹಾಗೆಯೇ ಒಪ್ಪಿಕೊಂಡವಳಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಒಂದು ಕಣ್ಣು ಕಿರಿದು ಮಾಡಿ, "ಅದಲ್ಲ" ಎನ್ನುತ್ತಿದ್ದಳು. ಹಾಯಿ ನೋಡಿ ಮಾತ್ರವಲ್ಲ, ಅಡುಗೆಮನೆಯಲ್ಲಿ ಅವನು ಇಟ್ಟ ಡಬ್ಬಿಯನ್ನು ನೋಡಿ, ಅವನು ಮಡಚಿದ ಹಾಸಿಗೆಯನ್ನು ನೋಡಿ. ಆ ಮೂರಕ್ಷರದ ಪದವನ್ನು ಕೇಳಿ ಕೇಳಿ ಒಂದು ಕಾಲಕ್ಕೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಅದೊಂದನ್ನು ಕೇಳಲು ಅವನು ತನ್ನ ಕಸುಬಿನ ಮಾನವನ್ನೇ ಒತ್ತೆಯಿಡಲು ಹೊರಟಿದ್ದ.

ಬೆಳಗಿನ ಗಾಳಿ ಹಗುರವಾಗಿತ್ತು. ದೋಣಿಮನೆಯ ಮುಂದಿನ ಹುಲ್ಲಿನ ಮೇಲೆ ಅವರಿಬ್ಬರ ದೋಣಿ ತನ್ನ ಎರಡು ಗಾಲಿಯ ಗಾಡಿಯ ಮೇಲೆ ಕೂತಿತ್ತು. ಇಬ್ಬರು ಕೂರುವಷ್ಟೇ ಜಾಗದ, ಹನ್ನೆರಡಡಿಯ ಪುಟ್ಟ ದೋಣಿ. ಐದು ತಿಂಗಳಿಂದ ಮುಚ್ಚಿದ್ದ ಹೊದಿಕೆಯನ್ನು ತೆಗೆದಾಗ ಒಳಗೆ ಎಲೆಕಸ, ಒಂದು ಸತ್ತ ದುಂಬಿ, ಅವಳ ಹಳೆಯ ಕೈಗವಸು. ಕೈಗವಸನ್ನು ಅವನು ಜೇಬಿಗೆ ತುರುಕಿದ. ನಾದಿನಿ ಗಾಲಿಕುರ್ಚಿಯನ್ನು ಹುಲ್ಲಿನ ಮೇಲೆ ತಳ್ಳಲಾರದೆ ತಳ್ಳಿ ತಂದು, ನೆರಳಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟಳು. ಹೆಂಡತಿಯ ಬಲಗೈ ಮಡಿಲಲ್ಲಿ ಯಾರೋ ಇಟ್ಟು ಮರೆತ ವಸ್ತುವಿನಂತೆ ಇತ್ತು. ಎಡಗೈ ಮಾತ್ರ ಎಚ್ಚರವಾಗಿತ್ತು; ಕುರ್ಚಿಯ ಹಿಡಿಯನ್ನು ತಡವುತ್ತ, ಬಿಡುತ್ತ. ಕ್ಲಬ್ಬಿನ ಕಾರ್ಯದರ್ಶಿ ಕಚೇರಿಯಿಂದ ಇಳಿದು ಬಂದ. ಬಂದವನು ಅವಳಿಗೆ ಕೈಮುಗಿದು, ಕಿವುಡರೊಂದಿಗೆ ಮಾತಾಡುವ ಹಾಗೆ ಗಟ್ಟಿಯಾಗಿ, "ಹೇಗಿದ್ದೀರಾ ಟೀಚರ್?" ಎಂದ. ನಾದಿನಿ, "ಚೆನ್ನಾಗಿದ್ದಾಳೆ, ದಿನಾ ಹತ್ತು ಹೆಜ್ಜೆ ಹಾಕ್ತಾಳೆ" ಎಂದಳು. ಕಾರ್ಯದರ್ಶಿ ಇವನ ಹೆಗಲ ಮೇಲೆ ಕೈಯಿಟ್ಟ. "ಎಲ್ಲಾ ನಿಮ್ಮಿಂದ ನೋಡಿ. ಅರ್ಧ ಗಂಟೇಲಿ ಆಸ್ಪತ್ರೆ ಮುಟ್ಟಿಸಿದ್ರಲ್ಲ! ಬೇರೆಯವ್ರಾಗಿದ್ರೆ ಕೈಕಾಲು ಬಿಟ್ಟು ಕೂತಿರೋರು." ಅವನು ತಲೆ ತಗ್ಗಿಸಿದ. ಅದನ್ನು ವಿನಯ ಎಂದುಕೊಂಡು ಕಾರ್ಯದರ್ಶಿ ಇನ್ನೊಮ್ಮೆ ಹೆಗಲು ತಟ್ಟಿ ಹೋದ. ಐದು ತಿಂಗಳಿಂದ ಹೀಗೆಯೇ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನೆರೆಯವರು, ನಾದಿನಿಯ ಗಂಡ, ಔಷಧಿ ಅಂಗಡಿಯವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನ ಹೆಗಲನ್ನು ಊರವರೇ ಬಂದು ತಟ್ಟುತ್ತಿದ್ದರು.

ಅವನು ಹಾಯಿಯನ್ನು ಹುಲ್ಲಿನ ಮೇಲೆ ಬಿಚ್ಚಿದ. ಮಡಿಕೆಗಳೊಳಗೆ ಐದು ತಿಂಗಳ ಮುಗ್ಗಲು ವಾಸನೆ ಇತ್ತು. ಹಾಯಿಯ ಹಿಂದಂಚಿನಲ್ಲಿ ನಾಲ್ಕು ಉದ್ದ ಜೇಬುಗಳಿವೆ; ಬಟ್ಟೆ ಪಟಪಟ ಬಡಿಯದೆ ಆಕಾರ ಹಿಡಿದು ನಿಲ್ಲಲೆಂದು ಅವುಗಳೊಳಗೆ ಬಳುಕುವ ಪಟ್ಟಿಗಳನ್ನು ತೂರಿಸಬೇಕು. ಪಟ್ಟಿಯ ಒಂದು ತುದಿ ತೆಳು, ಇನ್ನೊಂದು ದಪ್ಪ. ತೆಳು ತುದಿ ಒಳಕ್ಕೆ, ಕಂಬದ ಕಡೆಗೆ. ಇದು ಮೊದಲ ದಿನದ ಪಾಠ, ಎಂಟು ವರ್ಷದ ಮಕ್ಕಳಿಗೂ ಗೊತ್ತು. ಅವನು ಅವಳಿಗೆ ಕಾಣುವಂತೆ ಹಾಯಿಯನ್ನು ಸ್ವಲ್ಪ ಎಳೆದುಕೊಂಡು, ಮೊದಲ ಪಟ್ಟಿಯ ದಪ್ಪ ತುದಿಯನ್ನು ಜೇಬಿಗೆ ಇಟ್ಟ. ಪಟ್ಟಿ ಹಟ ಮಾಡಿತು. ಅವನು ಒತ್ತಿದ. ತಲೆಯೆತ್ತಿ ನೋಡಿದರೆ ಅವಳು ನೋಡುತ್ತಿದ್ದಳು. ಅವಳ ಎಡಗೈಯ ಬೆರಳುಗಳು ಅಗಲವಾದವು, ಗಾಳಿಯಲ್ಲಿ ಏನನ್ನೋ ತಿರುಗಿಸಿ ತೋರಿಸಿದವು, ಹೀಗಲ್ಲ, ಹೀಗೆ. ತುಟಿ ಒಂದು ಕಡೆಗೆ ಎಳೆಯಿತು. ಅವನು ಮುಂದಕ್ಕೆ ಬಾಗಿದ. "ಏನು? ಏನು ಟೀಚರಮ್ಮ? ಸರಿ ಇಲ್ವಾ?" ಎಂದ. ಅವಳ ಗಂಟಲಲ್ಲಿ ಏನೋ ಕದಲಿದಂತಾಯಿತು. ಅಷ್ಟರಲ್ಲಿ ನಾದಿನಿ, "ಬಿಸಿಲು ಮುಖಕ್ಕೆ ಹೊಡೀತಿದೆ ಅಂತಿದ್ದಾಳೆ ಭಾವ" ಎಂದು ಕುರ್ಚಿಯನ್ನು ಅರ್ಧ ತಿರುಗಿಸಿಬಿಟ್ಟಳು. ಬೆರಳುಗಳು ಮುದುಡಿಕೊಂಡವು. ಅವನಿಗೆ ನಾದಿನಿಯ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ ಉಳಿದ ಮೂರು ಪಟ್ಟಿಗಳನ್ನೂ ಅವನು ನೋಡದೆಯೇ ಉಲ್ಟಾ ತೂರಿಸಿ ಮುಗಿಸಿದ.

ಅವಳಿಗೆ ಮಾತು ಬರಲಿ ಎಂದು ಅವನು ಬೇಡದ ದಿನವಿರಲಿಲ್ಲ. ಬಂದರೆ ಅವಳು ಮೊದಲು ಏನು ಹೇಳಿಯಾಳು ಎಂದು ಹೆದರದ ದಿನವೂ ಇರಲಿಲ್ಲ. ಎರಡೂ ಒಂದೇ ಎದೆಯಲ್ಲಿ, ಒಂದೇ ಹೊತ್ತಿಗೆ. ಹಾಯಿಯ ಮುಂದಂಚನ್ನು ಕಂಬದ ಹಿಂಬದಿಯ ಸಂದಿಗೆ ತೂರಿಸಿ, ಏರಿಸುವ ಹಗ್ಗದ ಕೊಂಡಿಯನ್ನು ಮೇಲ್ಮೂಲೆಗೆ ಸಿಕ್ಕಿಸಿದ. ಅಂದು ಕೂಡ ಇದೇ ಕೊಂಡಿ. ಅಂದು ಬೆಳಗಿನ ಎಂಟೂವರೆಗೆ ಅವರು ನೀರಿನ ಮೇಲಿದ್ದರು, ಮುಂದಿನ ವಾರದ ಸ್ಪರ್ಧೆಗೆಂದು ಹಾಯಿ ಹೊಂದಿಸುತ್ತಿದ್ದರು. ತಳದ ಹಗ್ಗ ಎರಡು ಬೆರಳು ಸಡಿಲವಾಗಲಿ ಎಂದು ಅವಳು, ಬೇಡ ಎಂದು ಅವನು. ಎರಡು ಬೆರಳಿನ ವಿಷಯ. ಒಂಬತ್ತರ ಹೊತ್ತಿಗೆ ಅವಳ ಕೈಯಿಂದ ಹಗ್ಗ ಜಾರಿ ಹಾಯಿ ಬಡಿದುಕೊಳ್ಳತೊಡಗಿತು, ಅವಳು ಅವನತ್ತ ತಿರುಗಿ ಏನೋ ಹೇಳಿದಳು. "ಅ... ಅದ... ದ..." ಅವನಿಗೆ ಚಿಕ್ಕಂದಿನಿಂದ ಉಗ್ಗು. ಮದುವೆಯಾದ ಹೊಸದರಲ್ಲಿ, ಒಂದೇ ಒಂದು ಸಲ, ಜಗಳದ ಬಿಸಿಯಲ್ಲಿ ಅವಳು ಅವನ ಉಗ್ಗನ್ನು ಅಣಕಿಸಿದ್ದಳು. ಆಮೇಲೆ ಎರಡು ದಿನ ಅತ್ತಿದ್ದಳು. ಅವಳು ಮರೆತಿರಬಹುದು, ಅವನು ಮರೆತಿರಲಿಲ್ಲ. ಇಪ್ಪತ್ತೆಂಟು ವರ್ಷ ಕಾದು ಮತ್ತೆ ಅಣಕಿಸಿದಳಲ್ಲ ಎಂದು ಅವನ ನೆತ್ತಿಗೇರಿತು. "ಅಣಕಿಸ್ತಿದ್ದೀಯಾ? ಅಣಕಿಸು, ಚೆನ್ನಾಗಿ ಅಣಕಿಸು" ಎಂದ. ಅದನ್ನು ಮಾತ್ರ ಒಂದು ತೊದಲೂ ಇಲ್ಲದೆ ಹೇಳಿದ.

"ಭಾವ, ಇನ್ನೂ ಮೇಲೆ ಹೋಗ್ಬೇಕಲ್ವಾ ಅದು?" ಎಂದಳು ನಾದಿನಿ. ಹಾಯಿ ಕಂಬದ ತುದಿಗಿಂತ ಒಂದು ಗೇಣು ಕೆಳಗೆ ನಿಂತಿತ್ತು. ಕಂಬದುದ್ದಕ್ಕೂ ಅಡ್ಡಡ್ಡ ಸುಕ್ಕು, ಹಳೆಯ ಕಾಲುಚೀಲ ಇಳಿಬಿದ್ದ ಹಾಗೆ. ದೋಣಿಯ ಗಂಧಗಾಳಿ ಇಲ್ಲದ ನಾದಿನಿಗೂ ಕಂಡ ತಪ್ಪು. "ಇಷ್ಟು ಸಾಕು" ಎಂದು ಅವನು ಹಗ್ಗವನ್ನು ಕಟ್ಟಿಬಿಟ್ಟ. ಕಚೇರಿಯ ಜಗಲಿಯಲ್ಲಿ ನಿಂತಿದ್ದ ಇಬ್ಬರು ಸದಸ್ಯರು ಒಬ್ಬರನ್ನೊಬ್ಬರು ನೋಡಿಕೊಂಡರು; ಪಾಪ, ಹೆಂಡತಿ ಹೀಗಾದ ಮೇಲೆ ಇವನ ಕೈಯೂ ಹೋಯಿತು ಎಂದು ಮಾತಾಡಿಕೊಂಡಿರಬೇಕು. ಅವರಲ್ಲೊಬ್ಬ ಇವನಿಂದಲೇ ಗಂಟು ಹಾಕಲು ಕಲಿತವನು. ಕಿವಿ ಬಿಸಿಯಾಯಿತು. ಆಗಲಿ, ನಗಲಿ. ಅವನು ಕುರ್ಚಿಯ ಪಕ್ಕಕ್ಕೆ ಬಂದು, ಅವಳು ನಿಲ್ಲುತ್ತಿದ್ದ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು, "ಹೇಗಿದೆ? ಪರ್ವಾಗಿಲ್ವಾ?" ಎಂದ. ಅವಳು ಹಾಯಿಯನ್ನು ನೋಡಿದಳು, ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ. ಪಟ್ಟಿಗಳ ಹತ್ತಿರ ಕಣ್ಣು ನಿಂತಿತು. ತಪ್ಪು ಕಡೆ ಬಾಗಿದ ಹಾಯಿಯನ್ನು ನೋಡಿದಳು, ಸುಕ್ಕನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವಳು ಹಾಗೆ ನೋಡಿದ್ದನ್ನು ಅವನು ಹಿಂದೆ ಒಮ್ಮೆ ಕಂಡಿದ್ದ, ಆಸ್ಪತ್ರೆಯಲ್ಲಿ ದಾದಿ ಅವಳ ಮುಂದೆ ಬಾಳೆಹಣ್ಣಿನ ಚಿತ್ರ ಹಿಡಿದು "ಇದೇನು ಹೇಳಿ ನೋಡೋಣ" ಎಂದಾಗ.

ಗೊತ್ತಾಯಿತು ಅವಳಿಗೆ. ಬೇಕೆಂದೇ ಮಾಡುತ್ತಿದ್ದಾನೆ ಎಂಬುದು ಗೊತ್ತಾಗಿಹೋಯಿತು. ಅವನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೇ. ಅವನು ಹೋಗಿ ಮೂರನೆಯದನ್ನೂ ಮಾಡಿದ. ಹಾಯಿಯ ತಳಕ್ಕೆ ಅಡ್ಡವಾಗಿ ಇರುವ ಅಲ್ಯುಮಿನಿಯಂ ದೋಟಿಗೆ ಕ್ಲಬ್ಬಿನಲ್ಲಿ ಎಲ್ಲರೂ ಬೂಮ್ ಎನ್ನುತ್ತಾರೆ. ಬೂಮಿನ ತುದಿಯ ಹಗ್ಗವನ್ನು ಕಾಲು ಕೊಟ್ಟು ಎಳೆದ, ಹಾಯಿಯ ತಳ ಹಲಗೆಯಾಗಿ ಒಂದು ದಪ್ಪ ಮಡಿಕೆ ಏಳುವವರೆಗೆ ಎಳೆದ. ಅಂದು ಎರಡು ಬೆರಳಿಗೆ ಜಗಳವಾಡಿದ್ದೂ ಇದೇ ಹಗ್ಗಕ್ಕೆ. ತಿರುಗಿ ನೋಡಿದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯುತ್ತಿತ್ತು. ನಾದಿನಿ ಸೆರಗಿನಿಂದ ಒರೆಸುತ್ತ, "ಹಳೇದೆಲ್ಲ ನೆನಪಾಗಿದೆ ಪಾಪ. ನಾಳೆ ಮಾಡಿದ್ರಾಯ್ತು ಬಿಡಿ ಭಾವ, ಮನೆಗೆ ಹೋಗೋಣ" ಎಂದಳು. ಅವನು, "ಇರು, ಬಿಚ್ಚಿ ಸ... ಸರಿಯಾಗಿ ಕಟ್ಟಿಬಿಡ್ತೀನಿ" ಎಂದ. ಸರಿಯಾಗಿ ಕಟ್ಟದ ಹಾಯಿಯನ್ನು ಹಾಗೇ ಬಿಟ್ಟುಹೋಗುವುದು ಅವನಿಂದ ಆಗದು, ಅದೊಂದಾದರೂ ಉಳಿದಿತ್ತು. ಅವನು ಬೂಮಿನ ತುದಿಯ ಹಗ್ಗಕ್ಕೆ ಕೈ ಹಾಕಿದ, ದೋಣಿಯ ಪಕ್ಕದಲ್ಲಿ ನಿಂತು ತಲೆ ತಗ್ಗಿಸಿ ಬೆರಳಿನಿಂದ ಗಂಟು ಬಿಡಿಸತೊಡಗಿದ, ಗಂಟು ಕಣ್ಣೀರಲ್ಲಿ ಎರಡಾಗಿ ಕಂಡಿತು.

ದಡ ಸೇರಿದ ಮೇಲೆ ಅಂದು ಅವಳು ಒಂದು ಕಾಲು ಎಳೆದುಕೊಂಡು ಹಾಯಿಕೋಣೆಗೆ ಹೋಗಿದ್ದಳು. ಜಗಳವಾದರೆ ಅದು ಅವರಿಬ್ಬರ ಹಳೆಯ ಒಪ್ಪಂದ: ಅವಳು ಹಾಯಿಚೀಲಗಳ ರಾಶಿಯ ಮೇಲೆ ಹೋಗಿ ಮಲಗುವುದು, ಅವನು ದೋಣಿ ತೊಳೆಯುವುದು, ದೋಣಿ ಒಣಗುವವರೆಗೆ ಮಾತಿಲ್ಲ. ಕಾಲೆಳೆದದ್ದನ್ನು ಅವನು ಬಿಂಕ ಎಂದುಕೊಂಡ. ಹನ್ನೊಂದು ಗಂಟೆಗೆ ರಾಟೆಯೊಂದಕ್ಕೆಂದು ಹೋಗಿ ಬಾಗಿಲು ತೆಗೆದಾಗ ಅವಳು ಚೀಲಗಳ ಮೇಲೆ ಒರಗಿದ್ದಳು, ಒಂದು ಚಪ್ಪಲಿ ಕಳಚಿ ಬಿದ್ದಿತ್ತು, ಕಣ್ಣು ತೆರೆದಿತ್ತು. ಅವನನ್ನೇ ನೋಡುತ್ತಿತ್ತು. ಇವಳೇ ಮೊದಲು ಮಾತಾಡಲಿ ಎಂದುಕೊಂಡು ಅವನು ರಾಟೆ ತೆಗೆದುಕೊಂಡು ಬಾಗಿಲನ್ನು ದಡಾರನೆ ಹಾಕಿದ. ಮತ್ತೆ ಬಾಗಿಲು ತೆಗೆದಾಗ ಒಂದೂವರೆ. ಆಸ್ಪತ್ರೆಯಲ್ಲಿ ಅವಳನ್ನು ಪರದೆಯ ಆಚೆಗೆ ತಳ್ಳಿಕೊಂಡು ಹೋದ ಮೇಲೆ ಡಾಕ್ಟರು ಇವನ ತೋಳು ಹಿಡಿದು ಕೇಳಿದರು: "ಶುರುವಾಗಿದ್ದು ಎಷ್ಟು ಹೊತ್ತಿಗೆ? ಸರಿಯಾಗಿ ಹೇಳಿ, ಸೂಜಿ ಕೊಡ್ಬೇಕೋ ಬೇಡ್ವೋ ಅನ್ನೋದು ಅದರ ಮೇಲಿದೆ." ಅವನು "ಒ..." ಎಂದ. "ಒ... ಒ..." ಒಂಬತ್ತು ಎಂಬ ಪದ ಗಂಟಲಲ್ಲಿ ಕಚ್ಚಿಕೊಂಡಿತು. ಉಗ್ಗುವವರಿಗೆ ಒಂದು ಅಭ್ಯಾಸವಿದೆ: ಒಂದು ಪದ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಸುಲಭವಾದ ಇನ್ನೊಂದನ್ನು ಹಿಡಿಯುವುದು. "ಅರ್ಧ ಗಂಟೆ ಹಿಂದೆ" ಎಂದುಬಿಟ್ಟ. "ಬೇಗ ತಂದ್ರಿ, ಒಳ್ಳೇದಾಯ್ತು" ಎಂದು ಡಾಕ್ಟರು ಓಡಿದರು. ತಡವಾಗಿ ಬಂದವರಿಗೆ ಕೊಡಬಾರದ ಸೂಜಿ ಅದು. ಹೆಪ್ಪನ್ನು ಕರಗಿಸುತ್ತದೆ, ಹೊತ್ತು ಮೀರಿದ್ದರೆ ಮೆದುಳಿನೊಳಗೆ ರಕ್ತ ಸುರಿಯುತ್ತದೆ. ಅವಳಿಗೆ ಸಂಜೆ ಸುರಿಯಿತು. "ಬೇಗ ಬಂದ್ರೂ ಒಮ್ಮೊಮ್ಮೆ ಹೀಗಾಗುತ್ತೆ, ನಮ್ಮ ದುರದೃಷ್ಟ" ಎಂದರು ಡಾಕ್ಟರು. ಉಗ್ಗಿನ ತಪ್ಪು ಎಂದು ಅವನು ತನಗೆ ಎಷ್ಟೋ ಸಲ ಹೇಳಿಕೊಂಡ. ಆದರೆ ಆಮೇಲೆ ಫಾರಂ ತುಂಬುವಾಗ ಹೆಸರು, ವಿಳಾಸ, ವಯಸ್ಸು ಎಲ್ಲವನ್ನೂ ಹೇಳಿದ್ದನಲ್ಲ. ಡಾಕ್ಟರು ಎರಡು ಸಲ ಹತ್ತಿರವೇ ಹಾದುಹೋಗಿದ್ದರಲ್ಲ. ನಾಲ್ಕು ಗಂಟೆ ಹೊತ್ತು ಹೆಂಡತಿಯನ್ನು ಕತ್ತಲೆಕೋಣೆಯಲ್ಲಿ ಬಿಟ್ಟು ದೋಣಿ ತೊಳೆದವನು ತಾನು ಎಂದು ಹೇಳಲು ಅವನಿಗೆ ನಾಲಿಗೆ ಬಾರದೆ ಇದ್ದದ್ದಲ್ಲ.

"ತಲೆ!"

ಅದು ಅವಳ ದನಿ. ಒಡೆದಿರಲಿಲ್ಲ, ತೊದಲಿರಲಿಲ್ಲ. ನೀರಿನ ಮೇಲೆ ಅರ್ಧ ಮೈಲಿ ಕೇಳುವ ಅದೇ ಹಳೆಯ ದನಿ. ಗಾಳಿ ಮಗ್ಗುಲು ಬದಲಿಸಿ ಬೂಮ್ ಆಚೆಯಿಂದ ಈಚೆಗೆ ಬೀಸಿ ಬರುವಾಗ, ತಲೆ ಬಗ್ಗಿಸಿ ಎಂದು ಪೂರ್ತಿ ಹೇಳಲು ಹೊತ್ತಿರುವುದಿಲ್ಲ. ಟೀಚರು ಅಷ್ಟೇ ಕೂಗುವುದು. ಸಾವಿರಾರು ಮಕ್ಕಳ ತಲೆ ಉಳಿಸಿದ ಕೂಗು ಅದು. ಆ ಕೂಗು ಬಿದ್ದರೆ ಯಾರೇ ಆಗಲಿ ಮೊದಲು ಬಗ್ಗುತ್ತಾರೆ, ಆಮೇಲೆ ಯೋಚಿಸುತ್ತಾರೆ. ಅವನು ಬಗ್ಗಲಿಲ್ಲ. ಅವನು ಅವಳ ಕಡೆ ತಿರುಗಿದ. ಗಾಳಿಯನ್ನು ಅವನು ನೋಡಿಯೇ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಹಾಯಿ ಏರಿಸಿದ ದೋಣಿಯ ಪಕ್ಕದಲ್ಲಿ ಗಾಳಿಗೆ ಬೆನ್ನು ಹಾಕಿ ನಿಂತಿದ್ದ. ಬೂಮ್ ಬಂದು ಹುಬ್ಬಿನ ಮೇಲೆ ಬಡಿಯಿತು. ಅವನು ಹುಲ್ಲಿನ ಮೇಲೆ ಕೂತ. ನೋವಿಗಿಂತ ಮೊದಲು ಅವನಿಗೆ ಬಂದದ್ದು ನಗು.

"ಅಕ್ಕ ಮಾತಾಡಿದ್ಲು! ಭಾವ, ಕೇಳಿಸ್ತಾ? ತಲೆ ಅಂದ್ಲು! ಅಯ್ಯೋ, ರಕ್ತ!" ನಾದಿನಿ ಯಾರ ಕಡೆಗೆ ಓಡಬೇಕೆಂದು ತಿಳಿಯದೆ ನಡುವೆ ನಿಂತು ಎರಡು ಕೈಯಿಂದಲೂ ಬಾಯಿ ಬಡಿದುಕೊಂಡಳು. ಆಮೇಲೆ, ಐಸು ತರುತ್ತೇನೆ, ಹತ್ತಿ ತರುತ್ತೇನೆ, ಮಾತು ಕಲಿಸುವಾಕೆಗೆ ಫೋನ್ ಮಾಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿ ಕಚೇರಿಯ ಕಡೆ ಓಡಿದಳು. ಜಗಲಿಯಲ್ಲಿದ್ದವರೂ ಅವಳ ಹಿಂದೆ ಒಳಗೆ ಹೋದರು. ಅವನು ಮೊಣಕಾಲ ಮೇಲೆ ತೆವಳಿಕೊಂಡು ಕುರ್ಚಿಯ ಹತ್ತಿರ ಬಂದ. "ಇನ್ನೊಂದ್ಸಲ. ಇನ್ನೊಂದೇ ಒಂದ್ಸಲ ಹೇಳೇ. ತಲೆ. ತ... ಲೆ." ಅವಳು ಅವನ ಹುಬ್ಬನ್ನು ಎಡಗೈಯಿಂದ ಮುಟ್ಟಿ, ಬೆರಳಿಗೆ ಅಂಟಿದ ರಕ್ತವನ್ನು ನೋಡಿದಳು. ಬಾಯಿ ತೆರೆದಳು. ನಾಲಿಗೆ ಹಲ್ಲಿಗೆ ತಾಗಿತು. ಬರೀ ಉಸಿರು ಬಂತು. ಮತ್ತೆ ಪ್ರಯತ್ನಿಸಿದಳು, ಕತ್ತಿನ ನರ ಉಬ್ಬಿತು, ಮತ್ತೆ ಉಸಿರು. ಆ ಪದ ಎಲ್ಲಿಂದ ಬಂತೋ ಅಲ್ಲಿಗೆ ಹೊರಟುಹೋಗಿತ್ತು, ಅದನ್ನು ಆಡಿದ್ದು ತಾನೇ ಎಂಬುದೂ ಅವಳಿಗೆ ನಂಬಿಕೆಯಿದ್ದಂತಿರಲಿಲ್ಲ. ಅವಳು ಅವನ ಕೆನ್ನೆಯ ಮೇಲೆ ಕೈಯಿಟ್ಟಳು. ಐದು ತಿಂಗಳಿಂದ ಅವನು ಊಟ ಮಾಡಿಸಿದಾಗ, ಕಾಲಿಗೆ ಎಣ್ಣೆ ತಿಕ್ಕಿದಾಗ ಹೀಗೆಯೇ ಕೈಯಿಡುತ್ತಿದ್ದಳು. ಆ ಕೈ ಅವನಿಗೆ ಬೆಂಕಿಯಂತೆ ಸುಡುತ್ತಿತ್ತು.

ಅವನು ಎದ್ದ. ಯೋಚಿಸಿ ಎದ್ದದ್ದಲ್ಲ. ಹಿತ್ತಿಲ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಗೊತ್ತಾಗಿಬಿಟ್ಟಿತ್ತು, ಅಷ್ಟೆ. ದೋಣಿಯ ಗಾಡಿಯನ್ನು ಹಿಡಿದು ಒಂದು ಮೊಳ ತಿರುಗಿಸಿದ, ಮೂತಿ ಗಾಳಿಯನ್ನು ದಾಟಿ ಕೂದಲೆಳೆಯಷ್ಟು ಆಚೆ ನಿಲ್ಲುವಂತೆ. ಇನ್ನೊಂದು ಬೀಸು ಬಂದರೆ ಬೂಮ್ ಎಸೆದ ಹಾಗೆ ಈ ಮಗ್ಗುಲಿಗೆ ಬರಬೇಕು. ಇಂದು ಬೆಳಗಿನಿಂದ ಅವನು ಸರಿಯಾಗಿ ಹೊಂದಿಸಿದ್ದು ಅದೊಂದೇ. ಬೂಮನ್ನು ಹಿಡಿದಿಡುವ ಹಗ್ಗವನ್ನು ಕಳಚಿ ಕೆಳಗೆ ಹಾಕಿ, ಅದರ ದಾರಿಯಲ್ಲಿ, ಅವಳ ಕಡೆ ಮುಖ ಮಾಡಿ, ಬೆನ್ನು ನೆಟ್ಟಗೆ ಮಾಡಿ ನಿಂತ. ಅವಳಿಗೆ ಅರ್ಥವಾಯಿತು. ಎಡಗೈಯನ್ನು ಜೋರಾಗಿ ಬೀಸಿದಳು, ಬಾ, ಆಚೆ ಬಾ ಎಂದು. "ಇಲ್ಲ" ಎಂದ. "ಬಾಯಲ್ಲಿ ಹೇಳು, ಬರ್ತೀನಿ." ಅವಳು ಕುರ್ಚಿಯ ಹಿಡಿಯನ್ನು ಗುದ್ದಿದಳು. ಗಾಳಿ ಬಿದ್ದುಹೋಗಿತ್ತು. ಹಾಯಿ ತನ್ನ ಸುಕ್ಕುಗಳೊಂದಿಗೆ ಜೋತುಬಿದ್ದಿತ್ತು. ಸುಮ್ಮನೆ ಕಾಯುವುದು ಅವನಿಂದಾಗಲಿಲ್ಲ, ಬಾಯಿ ತಾನಾಗಿಯೇ ತೆರೆಯಿತು.

"ಅವತ್ತು ನೀನು ಅಣಕಿಸ್ತಿದ್ದೀಯ ಅಂದ್ಕೊಂಡೆ ಕಣೇ. ಹ... ಹನ್ನೊಂದು ಗಂಟೆಗೆ ಬಾಗಿಲು ತೆಗೆದಾಗ ನಿನ್ನ ಕಣ್ಣು ತೆರೆದಿತ್ತು. ನೋಡ್ದೆ. ನೋಡಿ ಬಾಗಿಲು ಹಾಕ್ದೆ."

ಅವಳ ಎಡಗೈ ಗಾಳಿಯಲ್ಲಿ ಮೆಲ್ಲಗೆ ಆಡಿತು, ನೊಣ ಓಡಿಸುವ ಹಾಗೆ. ಗೊತ್ತು. ಬಿಡು. ಅದನ್ನು ಅವಳು ಯಾವಾಗಲೋ ಬಿಟ್ಟಿದ್ದಳು. ಕತ್ತಲೆಕೋಣೆಯಲ್ಲಿ ಮಲಗಿ, ಅವನ ಪೆದ್ದುತನವನ್ನು ಅರ್ಥಮಾಡಿಕೊಂಡು, ಅಲ್ಲೇ ಬಿಟ್ಟಿರಬೇಕು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಉಳಿಯುತ್ತಿದ್ದ.

"ಅದಲ್ಲ" ಎಂದ. "ಡಾಕ್ಟ್ರು ಕೇಳಿದ್ರು, ಎಷ್ಟು ಹೊತ್ತಿಗೆ ಶುರುವಾಯ್ತು ಅಂತ. ಒ... ಒ..." ಕಣ್ಣು ಮುಚ್ಚಿ, ಕಾಲು ನೆಲಕ್ಕೆ ಒದ್ದು, ಆ ಪದವನ್ನು ಹೊರಗೆ ಎಳೆದ. "ಒಂಬತ್ತು. ಒಂಬತ್ತು ಅನ್ನಲಿಲ್ಲ. ಅರ್ಧ ಗಂಟೆ ಅಂದೆ. ಅದನ್ನು ನಂಬಿ ಸೂಜಿ ಕೊಟ್ರು. ತಡವಾದವ್ರಿಗೆ ಕೊಡಬಾರದಂತೆ ಅದನ್ನ. ಸಂಜೆ ರಕ್ತ ಸೋರಿದ್ದು ಅದಕ್ಕೇ ಇರ್ಬೇಕು. ನಿನ್ನ ಮಾತು ಪೂರ್ತಿ ಹೋಗಿದ್ದು ಬೆಳಿಗ್ಗೆ ಅಲ್ಲ ಕಣೇ, ಸಂಜೆ. ನಾಚಿಕೆಗೆ ಸುಳ್ಳು ಹೇಳ್ದೆ. ಆಮೇಲೂ ಹೇಳಲಿಲ್ಲ. ಯಾರಿಗೂ."

ಆಡುತ್ತಿದ್ದ ಕೈ ಮಡಿಲಿಗೆ ಬಿತ್ತು. ಇದು ಅವಳಿಗೆ ಗೊತ್ತಿರಲಿಲ್ಲ. ಅವಳ ಮುಖದ ಎಡಭಾಗ, ಇನ್ನೂ ಅವಳ ಮಾತು ಕೇಳುವ ಭಾಗ, ಮೆಲ್ಲಗೆ ಬಲಭಾಗದಂತೆಯೇ ಆಯಿತು. ಅವನು ಅದನ್ನು ನೋಡುತ್ತ ನಿಂತ. ಬೆನ್ನ ಹಿಂದೆ ಹಾಯಿಯ ಅಂಚು ಚಟಚಟ ಸದ್ದು ಮಾಡಿತು. ಆ ಸದ್ದಿನ ಅರ್ಥ ಇಬ್ಬರಿಗೂ ಗೊತ್ತು, ಬೀಸು ಬಂದಾಯಿತು, ಇನ್ನು ಎರಡು ಉಸಿರು. ಅವಳ ಕಣ್ಣು ಅವನನ್ನು ಬಿಟ್ಟು ಮೇಲಕ್ಕೆ ಹೋಯಿತು, ಬೂಮಿನ ಜೊತೆಗೆ ಚಲಿಸತೊಡಗಿತು. ಬಾಯಿ ತೆರೆಯಿತು. ಎದೆ ಗಾಳಿ ತುಂಬಿಕೊಂಡು ಏರಿತು. ನಾಲಿಗೆ ಹಲ್ಲಿಗೆ ತಾಗಿದ್ದನ್ನು ಅವನು ಕಂಡ. ಬರುತ್ತದೆ, ಬಂತು ಎಂದುಕೊಂಡ. ಆಗ ಅವಳ ಎಡಗೈ ಮಡಿಲಿನಿಂದ ಎದ್ದು ಬಂದು ಬಾಯಿಯ ಮೇಲೆ ಕೂತಿತು, ಗಟ್ಟಿಯಾಗಿ, ಬೆರಳುಗಳು ಕೆನ್ನೆಯೊಳಗೆ ಹೂಳುವಷ್ಟು.

ಬೂಮ್ ಅವನ ಕಿವಿಯ ಮೇಲೆ ಬಡಿಯಿತು. ಬಿದ್ದಾಗ ಹುಲ್ಲು ತಂಪಾಗಿತ್ತು. ಮೇಲೆ ಹಾಯಿ ತುಂಬಿಕೊಂಡು, ತಪ್ಪು ಕಡೆ ಬಾಗಿ, ಬಿಸಿಲಿಗೆ ಅಡ್ಡವಾಗಿ ನಿಂತಿತ್ತು. ನಾದಿನಿ ಓಡಿ ಬರುವ ಚಪ್ಪಲಿಯ ಸದ್ದು ಕೇಳಿತು. "ಬರ್ತಾರಂತೆ, ಈಗ್ಲೇ ಹೊರಟು ಬರ್ತಾರಂತೆ! ಅಯ್ಯೋ, ಮತ್ತೆ ಬಿದ್ರಾ? ಅಕ್ಕ ಏನಾದ್ರೂ ಅಂದ್ಲಾ ಭಾವ? ಇನ್ನೊಂದ್ಸಲ ಮಾತಾಡಿದ್ಲಾ?"

ಅವನು ಮೊಣಕೈ ಊರಿ ಎದ್ದು ಕೂತು ಅವಳ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಕೈ ಇನ್ನೂ ಬಾಯಿಯ ಮೇಲೇ ಇತ್ತು.

"ಇಲ್ಲ" ಎಂದ.